ಜುನ್-ಹೋ ಅಂದರೆ ಏನರ್ಥ? ಒಂದೊಂದು ಕಡೆ ಒಂದೊಂದು ಹೇಳ್ತಾರೆ

ಜಯನಗರದವಳು
ನಮ್ಮ ಟೀಮಿನಲ್ಲಿ ಜುನ್-ಹೋ ಅಂತ ಕೊರಿಯಾದವರೊಬ್ಬರು ಇದ್ದಾರೆ. ಮುಂದಿನ ತಿಂಗಳು ಊರಿಗೆ ವಾಪಸ್ ಹೋಗುತ್ತಾರೆ. ಬೀಳ್ಕೊಡುಗೆಗೆ ಒಂದು ಮರದ ಫಲಕ ಮಾಡಿಸಿ, ಅವರ ಹೆಸರನ್ನು ಕನ್ನಡದಲ್ಲಿ ಕೆತ್ತಿಸಿ, ಕೆಳಗೆ ಅರ್ಥ ಹಾಕಿಸೋಣ ಅಂತ ಎಲ್ಲರೂ ಒಪ್ಪಿದ್ದೇವೆ. ಅರ್ಥ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು.

ಹುಡುಕಿದರೆ ಒಂದು ಕಡೆ "ಸುಂದರ ಆಕಾಶ", ಇನ್ನೊಂದು ಕಡೆ "ವೇಗದ ಕುದುರೆ", ಮತ್ತೊಂದು ಕಡೆ "ಹುಲಿಯಂಥ ನಾಯಕ". ಇದರಲ್ಲಿ ಯಾವುದು ಸರಿ? ಹೆಸರು ಚೀನಾದ್ದಾ, ಕೊರಿಯಾದ್ದೇನಾ? ಗೊತ್ತಿರುವವರು ಹೇಳಿ. ಅವರನ್ನೇ ಕೇಳಿ ಅಂತ ಮಾತ್ರ ಹೇಳಬೇಡಿ, ಸರ್‌ಪ್ರೈಸ್ ಹಾಳಾಗುತ್ತೆ.

ಹುಬ್ಬಳ್ಳಿ ಮಂದಿ
ಅವರನ್ನೇ ಕೇಳಿ.

ಸುಮಾ_ಸುವಾನ್
ನಾನು ಇರೋದು ಕೊರಿಯಾದ ಸುವಾನ್‌ನಲ್ಲಿ, ಮಗ ಇಲ್ಲೇ ಶಾಲೆಗೆ ಹೋಗುತ್ತಾನೆ. ಅವನ ಕ್ಲಾಸಿನಲ್ಲೂ ಒಬ್ಬ ಜುನ್-ಹೋ ಇದ್ದಾನೆ.

ನೀವು ಓದಿದ್ದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ನಿಮ್ಮ ಜುನ್-ಹೋಗೆ ಯಾವುದು ಹೊಂದುತ್ತೆ ಅಂತ ಹೆಸರು ಕೇಳಿ ಹೇಳೋಕೆ ಆಗಲ್ಲ. ಇಲ್ಲಿನ ಹೆಚ್ಚಿನ ಹೆಸರುಗಳು ಎರಡು ಚೀನೀ ಅಕ್ಷರ ಸೇರಿ ಆದವು. ಆ ಅಕ್ಷರಗಳಿಗೆ ಹಾಂಜಾ ಅನ್ನುತ್ತಾರೆ. ದಿನಾ ಬರೆಯೋದು ಹಂಗುಲ್ ಲಿಪಿಯಲ್ಲೇ. ಆದರೆ ಮಗುವಿನ ಹೆಸರು ನೋಂದಾಯಿಸುವಾಗ ಹಾಂಜಾ ಇದ್ದರೆ ಅದನ್ನೂ ಬರೆಸುತ್ತಾರೆ. ಗುರುತಿನ ಚೀಟಿಯಲ್ಲೂ ಹಂಗುಲ್ ಹೆಸರಿನ ಪಕ್ಕ ಅದು ಇರುತ್ತೆ.

"ಜುನ್" ಅಂತ ಓದುವ ಹಾಂಜಾ ಒಂದಲ್ಲ, ಎಷ್ಟೋ ಇವೆ. ಅದರಲ್ಲಿ ಒಂದು ಗುಂಪು ಮಜವಾಗಿದೆ. ಬಲಗಡೆ ಎಲ್ಲಕ್ಕೂ ಒಂದೇ ಆಕಾರ, ಎಡಗಡೆಯ ತುಂಡು ಮಾತ್ರ ಬದಲಾಗುತ್ತೆ. ಎಡಕ್ಕೆ ಮನುಷ್ಯನ ಗುರುತು ಬಂದರೆ ಪ್ರತಿಭಾವಂತ, ನಾಲ್ಕು ಜನರ ನಡುವೆ ಎದ್ದು ಕಾಣುವವನು. ಕುದುರೆ ಬಂದರೆ ಒಳ್ಳೇ ಓಟದ ಕುದುರೆ. ಬೆಟ್ಟ ಬಂದರೆ ಎತ್ತರದ್ದು, ಕಡಿದಾದದ್ದು. ಸೂರ್ಯ ಬಂದರೆ ಬೆಳಕು. ನೀರು ಬಂದರೆ ಹೂಳೆತ್ತಿ ಆಳ ಮಾಡುವುದು. ಉಚ್ಚಾರ ಎಲ್ಲಕ್ಕೂ ಜುನ್!

"ಹೋ" ಕಥೆಯೂ ಇದೇ. ಆಕಾಶ, ವಿಶಾಲವಾದದ್ದು, ಕೆರೆ, ಹುಲಿ, ಕಾಪಾಡು, ಧೀರ, ಎಲ್ಲವೂ ಹೋ. ನಿಮ್ಮ ವೆಬ್‌ಸೈಟುಗಳು ಒಬ್ಬೊಬ್ಬರು ಒಂದೊಂದು ಜೋಡಿ ಹಿಡಿದುಕೊಂಡು ಇದೇ ಅರ್ಥ ಅಂತ ಬರೆದಿವೆ, ಅಷ್ಟೇ.

ಕೆರೆಕಟ್ಟೆ
ಹೂಳೆತ್ತುವವನು ಅಂತ ಹೆಸರಾ! ನಮ್ಮೂರಿನ ಕೆರೆ ಸಮಿತಿಗೆ ಇಬ್ಬರು ಜುನ್‌ಗಳನ್ನು ಕಳಿಸಿಕೊಡಿ.

ಪದಕೋಶ
ಸುಮಾ ಹೇಳಿದ್ದಕ್ಕೆ ಉದಾಹರಣೆ ಬೇಕಾದರೆ ಹೆಸರಾಂತವರನ್ನೇ ನೋಡಿ. 2020ರಲ್ಲಿ ಆಸ್ಕರ್ ಗೆದ್ದ ನಿರ್ದೇಶಕ ಬೊಂಗ್ ಜುನ್-ಹೋ. ಅವರ ಜುನ್ ಮನುಷ್ಯನ ಗುರುತಿರುವ ಪ್ರತಿಭಾವಂತ-ಜುನ್. ಹೋ ಆಕಾಶದ ಹೋ. ಮೇಲೆ ಸೂರ್ಯ, ಕೆಳಗೆ ಆಕಾಶ, ಹಾಗೆ ಬರೆಯುತ್ತಾರೆ. ಅವರ ಸಿನಿಮಾಗಳಲ್ಲಿ ಕಾಣುವ ನಟ ಸೊಂಗ್ ಕಾಂಗ್-ಹೋ ಹೆಸರಿನಲ್ಲೂ ಅದೇ ಆಕಾಶದ ಹೋ. ಆದರೆ ಡ್ರಾಮಾ ನೋಡುವವರ ಪ್ರೀತಿಯ ಲೀ ಮಿನ್-ಹೋ ಇದ್ದಾರಲ್ಲ, ಅವರ ಹೋ ಬೇರೆ. ಎಡಗಡೆ ಲೋಹದ ಗುರುತಿದೆ. ನಿಘಂಟಿನಲ್ಲಿ ಅದಕ್ಕೆ ಕೊಡುವ ಅರ್ಥ ಚೀನಾದ ಹಳೇ ಝೌ ರಾಜರ ರಾಜಧಾನಿಯ ಹೆಸರು.

ಮೂವರನ್ನೂ ಹಂಗುಲ್‌ನಲ್ಲಿ ಬರೆದರೆ ಹೋ ಹೋ ಹೋ. ಒಂದು ಗೆರೆ ವ್ಯತ್ಯಾಸ ಕಾಣಲ್ಲ.

ಆರ್ಮಿ_ಮೈಸೂರು
ಬಿಟಿಎಸ್‌ನ ನಾಮ್-ಜುನ್ ಹೆಸರಲ್ಲಿರೋದು ಯಾವ ಜುನ್? ಜುಂಗ್-ಕುಕ್ ಹೆಸರಲ್ಲೂ ಅದೇನಾ?

ಪದಕೋಶ
ನಾಮ್-ಜುನ್ ಅವರದು ಬೊಂಗ್ ಅವರದ್ದೇ ಜುನ್, ಪ್ರತಿಭಾವಂತ. ನಾಮ್ ಅಂದರೆ ದಕ್ಷಿಣ. ಜುಂಗ್-ಕುಕ್‌ಗೂ ಇದಕ್ಕೂ ಸಂಬಂಧ ಇಲ್ಲ. ಅದು ನಿಜವಾಗಿ ಜೊಂಗ್, ಸ್ವರವೂ ಬೇರೆ, ಕೊನೆಯ ಅಕ್ಷರವೂ ಬೇರೆ. ಇಂಗ್ಲಿಷ್ ಸ್ಪೆಲಿಂಗ್ ನೋಡಿ ಮೋಸ ಹೋಗೋದು ಬೇಡ.

ಸಂಸ್ಕೃತಿಮೂಲ
ಎಲ್ಲರೂ ಚೀನಾ ಚೀನಾ ಅಂತಿದ್ದೀರಿ. ಅರ್ಜುನ ಅನ್ನೋದರಲ್ಲೇ ಜುನ್ ಇದೆ ಅನ್ನೋದು ಯಾರಿಗೂ ಹೊಳೆಯಲಿಲ್ಲವೇ? ಅರ್ಜುನ ಅಂದರೆ ಬೆಳಗುವವನು. ಮೇಲೆ ಸುಮಾ ಅವರೇ ಜುನ್ ಅಂದರೆ ಬೆಳಕು ಅಂದರು. ಅಯೋಧ್ಯೆಯ ರಾಜಕುಮಾರಿ ಕೊರಿಯಾಗೆ ರಾಣಿಯಾಗಿ ಹೋಗಿದ್ದು ಇಡೀ ಲೋಕಕ್ಕೆ ಗೊತ್ತು. ಅಪ್ಪ, ಅಮ್ಮ ಅನ್ನೋ ಮಾತೂ ಅಲ್ಲಿದೆ. ಇನ್ನೇನು ಬೇಕು?

ಹುಬ್ಬಳ್ಳಿ ಮಂದಿ
ಹಾಗಾದರೆ ನಾಗಾರ್ಜುನ ಅರ್ಧ ಕೊರಿಯಾದವನು.

ಪದಕೋಶ
ಸಂಸ್ಕೃತಿಮೂಲ ಅವರೇ, ಅರ್ಜುನದ ಬಾಲ ಕತ್ತರಿಸಿ ಕೊರಿಯಾಗೆ ಅಂಟಿಸೋಕೆ ಆಗಲ್ಲ. ಇದೇ ಅಕ್ಷರಗಳನ್ನು ಚೀನಾದವರು ಜುನ್-ಹಾವ್ ಅಂತ ಓದುತ್ತಾರೆ. ಅಲ್ಲೂ ಗಂಡುಮಕ್ಕಳಿಗೆ ಇದೇ ಹೆಸರು ಇಡುತ್ತಾರೆ. ದಾರಿ ಯಾವ ಕಡೆಯಿಂದ ಅಂತ ಅದರಲ್ಲೇ ಗೊತ್ತಾಗುತ್ತೆ.

ರಾಣಿಯ ಕಥೆ ಇರೋದು ನಿಜ. ಇರ್ಯೊನ್ ಅನ್ನೋ ಬೌದ್ಧ ಭಿಕ್ಷು 13ನೇ ಶತಮಾನದಲ್ಲಿ ಬರೆದ 'ಸಾಮ್‌ಗುಕ್ ಯೂಸಾ'ದಲ್ಲಿ ಬರುತ್ತೆ. ಹೊ ಹ್ವಾಂಗ್-ಒಕ್ ಅನ್ನೋ ಹುಡುಗಿ ಕ್ರಿ.ಶ. 48ರಲ್ಲಿ ಆಯುತಾ ದೇಶದಿಂದ ಹಡಗಿನಲ್ಲಿ ಬಂದು ರಾಜ ಸುರೋನನ್ನು ಮದುವೆಯಾದಳು ಅಂತ. ಅಯೋಧ್ಯೆಯಲ್ಲಿ 2001ರಲ್ಲಿ ಸ್ಮಾರಕವೂ ಆಯಿತು. ಆದರೆ ಆಯುತಾ ಅಂದರೆ ಅಯೋಧ್ಯೆಯೇ ಅನ್ನೋದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ. ಕಥೆ ಬರೆದದ್ದು ಘಟನೆ ನಡೆಯಿತು ಅನ್ನುವ ಕಾಲದಿಂದ ಸಾವಿರಕ್ಕೂ ಹೆಚ್ಚು ವರ್ಷ ಆದಮೇಲೆ.

ಭಾರತದ ನಂಟು ಬೇಕೇಬೇಕು ಅಂದರೆ ಗಟ್ಟಿಯಾದದ್ದು ಕೊಡುತ್ತೇನೆ ತಗೊಳ್ಳಿ. ಕೊರಿಯಾದ ಹಳೇ ಸಿಲ್ಲಾ ರಾಜ್ಯದ ಜಿನ್‌ಪ್ಯೊಂಗ್ ಅನ್ನೋ ರಾಜ 579ರಿಂದ 632ರವರೆಗೆ ಆಳಿದ. ಅವನ ಸ್ವಂತ ಹೆಸರು ಬೇಕ್‌ಜೊಂಗ್. ಅದು ಬುದ್ಧನ ತಂದೆ ಶುದ್ಧೋದನ ಅನ್ನುವ ಹೆಸರಿನ ಚೀನೀ ಅನುವಾದ. ರಾಣಿಯ ಹೆಸರು ಮಾಯಾ! ಗಂಡ ಹೆಂಡತಿ ಇಬ್ಬರೂ ಬುದ್ಧನ ತಂದೆ ತಾಯಿಯ ಹೆಸರು ಇಟ್ಟುಕೊಂಡಿದ್ದರು.

ಸಂಸ್ಕೃತಿಮೂಲ
ನೋಡಿದಿರಾ, ಕೊನೆಗೆ ನೀವೇ ಒಪ್ಪಿಕೊಂಡಿರಿ.

ಪದಕೋಶ
ನಾನು ಒಪ್ಪಿಕೊಂಡಿದ್ದು ಮಾಯಾದೇವಿಯನ್ನು. ಅರ್ಜುನನನ್ನಲ್ಲ.

ಬಯಲುಸೀಮೆ
ಚೀನೀ ಹೆಸರು ಬರೋಕೆ ಮುಂಚೆ ಅಲ್ಲಿನವರು ಏನಂತ ಹೆಸರಿಡುತ್ತಿದ್ದರು? ಅವರದ್ದೇ ಭಾಷೆಯ ಹೆಸರು ಇರಲೇಬೇಕಲ್ವಾ?

ಪದಕೋಶ
ಇತ್ತು. ಹಳೇ ಸಿಲ್ಲಾದ ಸೇನಾಪತಿಗಳ ಹೆಸರು ನೋಡಿ: ಇಸಾಬು, ಕೊಚಿಲ್‌ಬು. ಈಗಿನ ಎರಡಕ್ಷರದ ಅಚ್ಚಿಗೆ ಇವು ಕೂರಲ್ಲ. ಆಗ ಕೊರಿಯಾದಲ್ಲಿದ್ದ ಮೂರು ರಾಜ್ಯ ಸಿಲ್ಲಾ ಕೈಕೆಳಗೆ ಒಂದಾದ ಮೇಲೆ ಚೀನೀ ರೀತಿ ಜೋರಾಯಿತು. 757ರಲ್ಲಿ ಊರಿನ ಹೆಸರುಗಳನ್ನೂ ಒಟ್ಟಿಗೆ ಚೀನೀ ಮಾದರಿಗೆ ಬದಲಾಯಿಸಿದರು. ದೊಡ್ಡ ಮನೆತನದವರ ಹೆಸರು ಮೊದಲು ಬದಲಾಯಿತು, ಸಾಮಾನ್ಯರದು ಎಷ್ಟೋ ನಿಧಾನ.

ಈಗ ಅಚ್ಚ ಕೊರಿಯನ್ ಹೆಸರುಗಳೂ ಇವೆ. ಹನುಲ್ ಅಂದರೆ ಆಕಾಶ. ಹಾನ್-ಗ್ಯೊಲ್ ಅಂದರೆ ಒಂದೇ ರೀತಿ ಇರುವವನು, ಬದಲಾಗದವನು. ಇವಕ್ಕೆ ಹಾಂಜಾ ಬೇಕಾಗಿಲ್ಲ.

ಜಯನಗರದವಳು
ಇಷ್ಟೆಲ್ಲಾ ಓದಿ ಖುಷಿ ಆಯಿತು, ಆದರೆ ನನ್ನ ಫಲಕದ ಗತಿ? ಅವರನ್ನು ಕೇಳದೆ ಅವರ ಹಾಂಜಾ ತಿಳಿಯೋದು ಹೇಗೆ?

ಸುಮಾ_ಸುವಾನ್
ಹೊಸದಾಗಿ ಬಂದಾಗ ವಿಸಿಟಿಂಗ್ ಕಾರ್ಡ್ ಕೊಟ್ಟಿರುತ್ತಾರೆ, ಹುಡುಕಿ. ಚೀನಾ, ಜಪಾನ್ ಕಡೆ ಓಡಾಡುವವರು ಕಾರ್ಡಿನಲ್ಲಿ ಹಾಂಜಾ ಹಾಕಿಸಿರುತ್ತಾರೆ. ಸಿಕ್ಕರೆ ಎಡಗಡೆಯ ಗುರುತು ಹೇಗಿದೆ ಅಂತ ಹೇಳಿ ಸಾಕು.

ತುಮಕೂರು ತಾತ
ಒಂದು ಸಂದೇಹ. ಅಪ್ಪ ಅಮ್ಮ ಅಕ್ಷರ ಆರಿಸೋದು ಹೇಗೆ? ಸುಮ್ನೆ ಚೆಂದ ಕಂಡದ್ದಾ? ನಮ್ಮಲ್ಲಿ ನಕ್ಷತ್ರ ಪಾದ ನೋಡಿ ಅಕ್ಷರ ಹಿಡಿಯುತ್ತೇವೆ. ಅಶ್ವಿನಿಗೆ ಚು, ಚೆ, ಚೋ, ಲಾ.

ಸುಮಾ_ಸುವಾನ್
ತಾತ, ಇಲ್ಲೂ ಜಾತಕ ಇದೆ. ಸಾಜು ಅನ್ನುತ್ತಾರೆ. ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ, ಈ ನಾಲ್ಕನ್ನು ಇಟ್ಟು ಲೆಕ್ಕ ಹಾಕೋದು. ಮರ, ಬೆಂಕಿ, ಮಣ್ಣು, ಲೋಹ, ನೀರು ಅನ್ನುವ ಐದರಲ್ಲಿ ಮಗುವಿಗೆ ಯಾವುದು ಕಡಿಮೆ ಅಂತ ನೋಡಿ, ಆ ಗುರುತಿರುವ ಅಕ್ಷರವನ್ನು ಹೆಸರಿಗೆ ಸೇರಿಸುತ್ತಾರೆ. ನೀರು ಕಡಿಮೆ ಇದ್ದರೆ ನೀರಿನ ಗುರುತಿನ ಅಕ್ಷರ. ಗೆರೆಗಳ ಸಂಖ್ಯೆಯನ್ನೂ ಎಣಿಸುತ್ತಾರೆ. ಇದಕ್ಕೆಂದೇ ಹೆಸರಿಡುವ ಅಂಗಡಿಗಳಿವೆ, ದುಡ್ಡು ಕೊಟ್ಟರೆ ಮೂರ್ನಾಲ್ಕು ಹೆಸರು ಬರೆದು ಕೈಗೆ ಕೊಡುತ್ತಾರೆ.

ಇನ್ನೊಂದು ದಾರಿ ವಂಶದ್ದು, ದೊಲ್ಲಿಂಜಾ. ಒಂದೇ ತಲೆಮಾರಿನ ಅಣ್ಣ ತಮ್ಮ, ದೊಡ್ಡಪ್ಪ ಚಿಕ್ಕಪ್ಪನ ಗಂಡುಮಕ್ಕಳು ಎಲ್ಲರಿಗೂ ಹೆಸರಿನ ಒಂದು ಅಕ್ಷರ ಒಂದೇ. ಯಾವ ತಲೆಮಾರಿಗೆ ಯಾವ ಅಕ್ಷರ ಅಂತ ಮನೆತನದ ವಂಶಾವಳಿಯಲ್ಲಿ ಮೊದಲೇ ಗೊತ್ತು ಮಾಡಿಟ್ಟಿರುತ್ತಾರೆ. ಆ ಪುಸ್ತಕಕ್ಕೆ ಜೊಕ್ಬೊ ಅನ್ನುತ್ತಾರೆ. ಎಷ್ಟೋ ಮನೆತನಗಳಲ್ಲಿ ಅಲ್ಲೂ ಆ ಐದರ ಸರದಿಯೇ. ಅಜ್ಜನದು ಮರ, ಅಪ್ಪನದು ಬೆಂಕಿ, ಮಗನದು ಮಣ್ಣು, ಮೊಮ್ಮಗನದು ಲೋಹ, ಹೀಗೆ. ಲೋಹದ ಹೋ ಅಷ್ಟು ಜಾಸ್ತಿ ಕಾಣೋದು ಇದೇ ಕಾರಣಕ್ಕೆ. ಹಳೇ ರಾಜಧಾನಿ ಯಾರಿಗೆ ಬೇಕು ಹೇಳಿ? ಲೋಹದ ಗುರುತು ಇದ್ದರಾಯಿತು.

ಚೆಂಡಾಟ
ಅದಕ್ಕೇ ಇರಬೇಕು, ಫುಟ್‌ಬಾಲ್ ಆಟಗಾರ ಸೊನ್ ಹುಂಗ್-ಮಿನ್ ಅವರ ಅಣ್ಣನ ಹೆಸರು ಹುಂಗ್-ಯುನ್.

ಪದಕೋಶ
ಬೊಂಗ್ ಅವರ ಅಣ್ಣನೂ ಜುನ್-ಸು. ಆದರೆ ಅಣ್ಣ ತಮ್ಮಂದಿರಿಗೆ ಒಂದೇ ಅಕ್ಷರ ಇದ್ದ ಮಾತ್ರಕ್ಕೆ ಅದು ವಂಶಾವಳಿಯದ್ದೇ ಅನ್ನೋಕಾಗಲ್ಲ. ಅಪ್ಪ ಅಮ್ಮನೇ ಜೋಡಿ ಮಾಡಿ ಇಟ್ಟಿರಬಹುದು. ಈಗಿನವರು ವಂಶಾವಳಿ ಅಷ್ಟಾಗಿ ನೋಡಲ್ಲ.

ತುಮಕೂರು ತಾತ
ಅಜ್ಜನ ಹೆಸರು ಮೊಮ್ಮಗನಿಗೆ ಇಡೋ ಪದ್ಧತಿ ಇದೆಯೇ? ನನ್ನ ಹೆಸರು ನಮ್ಮ ತಾತನದು, ನನ್ನ ಮೊಮ್ಮಗನಿಗೆ ನನ್ನದು.

ಸುಮಾ_ಸುವಾನ್
ಇಲ್ಲ ತಾತ, ಇಲ್ಲಿ ಪೂರ್ತಿ ಉಲ್ಟಾ. ಹಿರಿಯರ ಹೆಸರಿನ ಅಕ್ಷರ ಮಗುವಿಗೆ ಇಟ್ಟರೆ ಅಗೌರವ. ಮಗುವನ್ನು ಬೈಯುವಾಗ ಅಜ್ಜನ ಹೆಸರು ಕೂಗಿದಂತಾಗುತ್ತೆ ನೋಡಿ.

ಅಪ್ಪನ ಹೆಸರನ್ನು ನೇರವಾಗಿ ಹೇಳೋದೂ ಇಲ್ಲ. ಯಾರಾದರೂ ನಿಮ್ಮ ತಂದೆಯ ಹೆಸರೇನು ಅಂದರೆ, ಜುನ್-ಹೋ ಅವರ ಮಗ ಹೇಳೋದು "ಜುನ್ ಜಾ, ಹೋ ಜಾ". ಜಾ ಅಂದರೆ ಅಕ್ಷರ. ಒಂದೊಂದನ್ನೂ ಬಿಡಿಸಿ ಹೇಳಬೇಕು, ಒಟ್ಟಿಗೆ ಹೇಳಿದರೆ ಪಕ್ಕದಲ್ಲಿರುವ ಹಿರಿಯರು ತಿರುಗಿ ನೋಡುತ್ತಾರೆ. ನನ್ನ ಮಗ ಇಲ್ಲಿ ಬಂದ ಹೊಸತರಲ್ಲಿ ಅಂಗಡಿಯ ಅಜ್ಜಿಗೆ ಅವರಪ್ಪನ ಹೆಸರು ಪಟಪಟ ಹೇಳಿ ಕ್ಲಾಸ್ ತೆಗೆಸಿಕೊಂಡ.

ಬಯಲುಸೀಮೆ
ನಮ್ಮಜ್ಜಿ ಜೀವನಪೂರ್ತಿ ಅಜ್ಜನ ಹೆಸರು ಹೇಳಲಿಲ್ಲ. ಒಡಪು ಹೇಳುವಾಗ ಮಾತ್ರ ಬಾಯಿಗೆ ಬರುತ್ತಿತ್ತು.

ಪದಕೋಶ
ರಾಜನ ಹೆಸರಿನ ಅಕ್ಷರವನ್ನಂತೂ ಯಾರೂ ಬರೆಯುವಂತೆಯೇ ಇರಲಿಲ್ಲ. ಅದಕ್ಕೇ ಕೊರಿಯಾ ಆಳಿದ ಜೊಸೊನ್ ವಂಶದ ರಾಜರಲ್ಲಿ ಹೆಚ್ಚಿನವರಿಗೆ ಒಂದೇ ಅಕ್ಷರದ ಹೆಸರು, ಅದೂ ಯಾರೂ ಬಳಸದ ಅಕ್ಷರ. ಇಲ್ಲದಿದ್ದರೆ ಜನ ಪತ್ರ ಬರೆಯೋದು ಹೇಗೆ? ಹಂಗುಲ್ ಮಾಡಿಸಿದ ಸೇಜೊಂಗ್ ಹೆಸರು ಬರೀ ದೋ, ಜೊಂಗ್‌ಜೊ ರಾಜನದು ಸಾನ್. ದೇಗು ನಗರದ ಹೆಸರಿನಲ್ಲಿ ಕನ್‌ಫ್ಯೂಷಿಯಸ್‌ನ ಹೆಸರಿನ ಅಕ್ಷರ ಬರುತ್ತೆ ಅಂತ 18ನೇ ಶತಮಾನದಲ್ಲಿ ತಕರಾರು ಎದ್ದು, ಆಮೇಲೆ ಆ ಅಕ್ಷರವನ್ನೇ ಬದಲಾಯಿಸಿದರು.

ಆರ್ಮಿ_ಮೈಸೂರು
ಡ್ರಾಮಾದಲ್ಲಿ "ಜುನ್-ಹೋಯಾ" ಅಂತ ಕರೀತಾರಲ್ಲ, ಆ ಯಾ ಏನು? ನಮ್ಮ ಅಯ್ಯಾ ತರಾನೇ ಕೇಳುತ್ತೆ.

ಸುಮಾ_ಸುವಾನ್
ಅಯ್ಯಾ ಗೌರವಕ್ಕೆ, ಇದು ಸಲಿಗೆಗೆ. ಗೆಳೆಯರನ್ನು, ಚಿಕ್ಕವರನ್ನು ಮಾತ್ರ ಹೀಗೆ ಕರೆಯೋದು. ಹೆಸರು ಸ್ವರದಲ್ಲಿ ಮುಗಿದರೆ ಯಾ, ವ್ಯಂಜನದಲ್ಲಿ ಮುಗಿದರೆ ಆ. ಆಫೀಸಿನಲ್ಲಿ ಯಾರೂ ಟೀಮ್ ಲೀಡರಿಗೆ "ಜುನ್-ಹೋಯಾ" ಅನ್ನಬೇಡಿ ಮತ್ತೆ. ಮಗುವಾದ ಮೇಲೆ ಅಮ್ಮನ ಹೆಸರೂ ಹೋಗುತ್ತೆ, ಕೇರಿಯವರೆಲ್ಲ "ಜುನ್-ಹೋ ಒಮ್ಮಾ" ಅನ್ನುತ್ತಾರೆ. ನನ್ನನ್ನೂ ಇಲ್ಲಿ ಯಾರೂ ಸುಮಾ ಅನ್ನಲ್ಲ.

ಜಯನಗರದವಳು
ಕಾರ್ಡ್ ಸಿಕ್ಕಿತು! ಡ್ರಾಯರಿನ ತಳದಲ್ಲಿತ್ತು. ಹಿಂದುಗಡೆ ಹಾಂಜಾ ಇದೆ. ಮೊದಲನೇ ಅಕ್ಷರದ ಎಡಕ್ಕೆ ಒಂದು ಓರೆ ಗೆರೆ, ಅದರ ಕೆಳಗೆ ನೆಟ್ಟಗೆ ಒಂದು ಗೆರೆ. ಎರಡನೆಯದರ ಎಡಕ್ಕೆ ಒಂದರ ಕೆಳಗೊಂದು ಮೂರು ಚುಕ್ಕಿ, ಬಲಗಡೆ ಕೆಳಗೆ ಒಂದು ಚೌಕ.

ಸುಮಾ_ಸುವಾನ್
ಮೊದಲನೆಯದು ಮನುಷ್ಯನ ಗುರುತು, ಹಾಗಾಗಿ ಪ್ರತಿಭಾವಂತ-ಜುನ್. ಮೂರು ಚುಕ್ಕಿ ಅಂದರೆ ನೀರು. ಚೌಕ ಇದೆ ಅಂದಮೇಲೆ ವಿಶಾಲ ಅನ್ನುವ ಹೋ. ತುಂಬಿ ಹರಿಯುವ ನೀರಿನ ಹಾಗೆ ವಿಶಾಲ. ಚೀನಾದ ಹಳೇ ತತ್ವಜ್ಞಾನಿ ಮೆನ್ಸಿಯಸ್ ಹೇಳಿದ "ಹೋ-ಯೊನ್-ಜಿ-ಗಿ" ಅನ್ನುವ ಮಾತಿನಲ್ಲಿ ಇದೇ ಹೋ ಬರುತ್ತೆ. ಯಾವುದಕ್ಕೂ ಬಗ್ಗದ ದೊಡ್ಡ ಮನೋಬಲ ಅಂತ ಅದರ ಅರ್ಥ. ಇಲ್ಲಿ ಓದಿದವರಿಗೆಲ್ಲ ಗೊತ್ತಿರುವ ಮಾತು.

ಅಂದರೆ ನಿಮ್ಮವರಿಗೆ ಆಕಾಶವೂ ಇಲ್ಲ, ಕುದುರೆಯೂ ಇಲ್ಲ, ಹುಲಿಯೂ ಇಲ್ಲ.

ಸಂಸ್ಕೃತಿಮೂಲ
ಫಲಕದ ಮೇಲೆ "ಮಹಾಸಾಗರ ಸದೃಶ ಧೀಮಂತ" ಅಂತ ಹಾಕಿಸಿ. ಗಾಂಭೀರ್ಯ ಇರುತ್ತೆ.

ಹುಬ್ಬಳ್ಳಿ ಮಂದಿ
ಸನ್ಮಾನ ಪತ್ರ ಅಲ್ಲ ಸ್ವಾಮಿ, ಬೀಳ್ಕೊಡುಗೆ.

ಸುಮಾ_ಸುವಾನ್
ಎರಡನ್ನೂ ಸೇರಿಸಿ ವಾಕ್ಯ ಮಾಡಲೇಬೇಡಿ. ಇಲ್ಲಿನವರೂ ಹಾಗೆ ಓದಲ್ಲ. ಅಕ್ಷರ ಹೇಳುವಾಗ ಅರ್ಥ ಮೊದಲು, ಉಚ್ಚಾರ ಆಮೇಲೆ. "ಆಕಾಶ ಹೋ", "ವಿಶಾಲ ಹೋ", ಹೀಗೆ. ಫೋನಿನಲ್ಲಿ ಹೆಸರು ಬರೆಸುವಾಗಲೂ ಹೀಗೇ ಹೇಳೋದು. ಫಲಕದಲ್ಲಿ ಜುನ್ ಕೆಳಗೆ "ಪ್ರತಿಭಾವಂತ", ಹೋ ಕೆಳಗೆ "ವಿಶಾಲ" ಅಂತ ಬಿಡಿಬಿಡಿಯಾಗಿ ಹಾಕಿಸಿ.

ಲಿಪಿಕಾರ
ಕನ್ನಡದಲ್ಲಿ ಹೇಗೆ ಕೆತ್ತಿಸುತ್ತೀರಿ? ಪೇಪರಿನಲ್ಲಿ "ಜೂನ್ ಹೋ" ಅಂತ ಹಾಕುತ್ತಾರೆ. ಹಾಗೆ ಬರೆದರೆ ಮೇ, ಜೂನ್, ಜುಲೈ ಆಗುತ್ತೆ. ಜುನ್ ಹ್ರಸ್ವವೇ ಸರಿ. ಹಂಗುಲ್‌ನಲ್ಲೂ ಜ ಮೇಲೆ, ಉಕಾರ ಅದರ ಕೆಳಗೆ, ನ್ ಇನ್ನೂ ಕೆಳಗೆ, ಎಲ್ಲ ಒಂದೇ ಚೌಕದೊಳಗೆ ಕೂರುತ್ತೆ.

ಪದಕೋಶ
ಹ್ರಸ್ವ ಅಂದರೆ ಹೊ ಕೂಡ ಹ್ರಸ್ವ ಆಗಬೇಕಲ್ಲ? ಈಗಿನ ಕೊರಿಯನ್ ಮಾತಿನಲ್ಲಿ ದೀರ್ಘ ಹ್ರಸ್ವ ಅಂತ ಕಟ್ಟುನಿಟ್ಟು ಉಳಿದಿಲ್ಲ. ಬೇಗ ಹೇಳುವಾಗ ಹಕಾರವೂ ಸವೆದು "ಜುನೊ" ಅಂತಲೇ ಕೇಳುತ್ತೆ.

ಲಿಪಿಕಾರ
"ಹೊ" ಅಂತ ಮುಗಿಸಿದರೆ ಕನ್ನಡ ಓದುವವರಿಗೆ ಮಾತು ಅರ್ಧಕ್ಕೆ ನಿಂತಂತೆ ಅನ್ನಿಸುತ್ತೆ. ಜುನ್-ಹೋ ಇರಲಿ. ಮರದಲ್ಲಿ ಕೆತ್ತಿದಾಗ ಆ ದೀರ್ಘ ಚೆಂದ ಕಾಣುತ್ತೆ.

ಜಯನಗರದವಳು
ಜುನ್-ಹೋ ಅಂತಲೇ ಕೊಟ್ಟೆ. ಕೆತ್ತುವವರು ನಡುವಿನ ಗೆರೆ ಯಾಕೆ ಅಂತ ಕೇಳಿದರು.

ಕೆರೆಕಟ್ಟೆ
ನಮ್ಮ ಹಳೇ ಆಫೀಸಿನಲ್ಲಿ ಆ ಗೆರೆಯಿಂದಲೇ ಫಜೀತಿ ಆಗಿತ್ತು. ಕಂಪ್ಯೂಟರಿನಲ್ಲಿ ಹೆಸರು ಜುನ್, ಸರ್‌ನೇಮ್ ಹೋ ಅಂತ ಯಾರೋ ತುಂಬಿದರು. ನಿಜವಾದ ಮನೆತನದ ಹೆಸರು ಕಿಮ್, ಅದು ಎಲ್ಲೂ ಇಲ್ಲ. ಬ್ಯಾಂಕ್ ಖಾತೆಗೆ ಹೆಸರು ತಾಳೆ ಆಗದೆ ಸಂಬಳವೇ ತಡ ಆಯಿತು. ನಾವೆಲ್ಲ ಪ್ರೀತಿಯಿಂದ "ಮಿಸ್ಟರ್ ಹೋ" ಅಂತ ಕರೆಯುತ್ತಿದ್ದೆವು, ಪಾಪ ಸುಮ್ಮನಿದ್ದರು.

ಬಯಲುಸೀಮೆ
ನನ್ನ ಇನಿಶಿಯಲ್ ಎರಡಿದೆ, ಊರಿನದೊಂದು, ಅಪ್ಪನದೊಂದು. ವೀಸಾ ಫಾರಂ ತುಂಬುವಾಗ ನನ್ನ ಸರ್‌ನೇಮ್ ನಮ್ಮೂರಾಯಿತು. ಅವರ ಕಷ್ಟ ನನಗೆ ಚೆನ್ನಾಗಿ ಅರ್ಥ ಆಗುತ್ತೆ.

ತುಮಕೂರು ತಾತ
ಕಿಮ್ ಕಿಮ್ ಮದುವೆ ಆಗಬಹುದೇ? ಅರ್ಧ ದೇಶ ಕಿಮ್ ಅಂತ ಕೇಳಿದ್ದೇನೆ.

ಪದಕೋಶ
ಅರ್ಧ ಅಲ್ಲ ತಾತ, ಐದರಲ್ಲಿ ಒಬ್ಬರು. ಕಿಮ್, ಲೀ, ಪಾರ್ಕ್ ಮೂರೂ ಸೇರಿದರೆ ಅರ್ಧದ ಹತ್ತಿರ ಬರುತ್ತೆ. ಸರ್‌ನೇಮ್ ಒಂದೇ ಆದರೂ ಮೂಲದ ಊರು ಬೇರೆ ಇರುತ್ತೆ. ಗಿಮ್‌ಹೆ ಕಿಮ್ ಬೇರೆ, ಗ್ಯೊಂಗ್‌ಜು ಕಿಮ್ ಬೇರೆ. ಊರೂ ಹೆಸರೂ ಎರಡೂ ಒಂದೇ ಆದರೆ ಮದುವೆಗೆ ಕಾನೂನೇ ಅಡ್ಡ ಇತ್ತು. 1997ರಲ್ಲಿ ಸಂವಿಧಾನ ನ್ಯಾಯಾಲಯ ಅದು ಸರಿಯಲ್ಲ ಅಂದಿತು, 2005ರಲ್ಲಿ ಕಾನೂನನ್ನೇ ತಿದ್ದಿದರು. ಈಗ ಹತ್ತಿರದ ರಕ್ತಸಂಬಂಧ ಮಾತ್ರ ಆಗಲ್ಲ.

ತುಮಕೂರು ತಾತ
ನಮ್ಮ ಸಗೋತ್ರದ ಗಲಾಟೆಯೇ.

ಆರ್ಮಿ_ಮೈಸೂರು
ಜುನ್-ಹೋ ಈಗಲೂ ಇಡ್ತಾರಾ, ಇಲ್ಲ ಅಂಕಲ್‌ಗಳ ಹೆಸರಾ?

ಸುಮಾ_ಸುವಾನ್
ಇಡುತ್ತಾರೆ, ಎಲ್ಲ ವಯಸ್ಸಿನಲ್ಲೂ ಸಿಗುತ್ತಾರೆ. ಹೆಸರು ಕೇಳಿ ವಯಸ್ಸು ಅಂದಾಜು ಮಾಡೋ ಆಟ ಇಲ್ಲಿ ಚೆನ್ನಾಗಿ ನಡೆಯುತ್ತೆ. 1948ರಲ್ಲೂ 1958ರಲ್ಲೂ ಹುಟ್ಟಿದ ಗಂಡುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಯಂಗ್-ಸು. 1968ರಲ್ಲಿ ಸಂಗ್-ಹೋ. 1978ರಲ್ಲಿ ಜೊಂಗ್-ಹುನ್, 1988ರಲ್ಲಿ ಜಿ-ಹುನ್, 1998ರಲ್ಲಿ ದೊಂಗ್-ಹ್ಯೊನ್, 2008ರಲ್ಲಿ ಮಿನ್-ಜುನ್. ಹಳಬರಿಗೆ ಕೊನೆಯಲ್ಲಿದ್ದ ಹೋ ಹೋಗಿ ಈಗಿನ ಮಕ್ಕಳಿಗೆ ಕೊನೆಯಲ್ಲಿ ಜುನ್ ಬಂದಿದೆ. ಜುನ್-ಹೋ ಎರಡೂ ಕಡೆ ಸಲ್ಲುವ ಹೆಸರು.

ಬೇಕೆನಿಸಿದ ಅಕ್ಷರ ಬಳಸೋಕೂ ಆಗಲ್ಲ. ಹೆಸರಿಗೆ ಬಳಸಬಹುದಾದ ಹಾಂಜಾಗಳ ಪಟ್ಟಿಯನ್ನು ಸುಪ್ರೀಂ ಕೋರ್ಟ್ ಕೊಡುತ್ತೆ. 2015ರಲ್ಲಿ ಅದನ್ನು 8,142ಕ್ಕೆ ಏರಿಸಿದರು, ಆಮೇಲೂ ಸೇರಿಸಿದ್ದಾರೆ. ಹೆಸರು ಐದು ಅಕ್ಷರ ಮೀರುವಂತಿಲ್ಲ, ಸರ್‌ನೇಮ್ ಬಿಟ್ಟು.

ಬಯಲುಸೀಮೆ
ನಮ್ಮ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪೇಸ್ವಾಮಿ ಅಂತ ಇಡುತ್ತಿದ್ದರು. ದೃಷ್ಟಿ ತಾಗದಿರಲಿ ಅಂತ. ಅಲ್ಲಿ ಅಂಥದ್ದು ಇಲ್ವಾ?

ಪದಕೋಶ
ಇತ್ತು. ಚಿಕ್ಕವರಿದ್ದಾಗ ಕರೆಯೋಕೆ ಬೇಕೆಂದೇ ಕೀಳಾದ ಹೆಸರು, ದೊಡ್ಡವರಾದ ಮೇಲೆ ಸರಿಯಾದ ಹೆಸರು. ಗೆಟ್ಟೊಂಗ್ ಅಂತ ತುಂಬಾ ಮಕ್ಕಳಿಗೆ ಕರೆಯುತ್ತಿದ್ದರು. ಅಂದರೆ ನಾಯಿ ಹೇಲು. ಗೊಜೊಂಗ್ ರಾಜನನ್ನೂ ಚಿಕ್ಕಂದಿನಲ್ಲಿ ಹಾಗೇ ಕರೆಯುತ್ತಿದ್ದರು ಅಂತ ಹೇಳುತ್ತಾರೆ.

ಚಳ್ಳಕೆರೆ ಹುಡುಗ
ತಿಪ್ಪೇಸ್ವಾಮಿ ಅಂದವರನ್ನೆಲ್ಲ ತಿಪ್ಪೆಗೆ ಹಾಕಬೇಡಿ ಸಾರ್. ನಮ್ಮ ಕಡೆ ಮನೆಗೊಬ್ಬ ತಿಪ್ಪೇಸ್ವಾಮಿ ಇರೋದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಮೇಲಿನ ಭಕ್ತಿಗೆ. ತೇರಿಗೆ ಬಂದು ನೋಡಿ.

ಬಯಲುಸೀಮೆ
ನಾನು ಹೇಳಿದ್ದು ನಮ್ಮೂರಿನ ತಿಪ್ಪಣ್ಣನ ವಿಷಯ. ಅವನ ಅಮ್ಮನೇ ಹೇಳಿದ್ದು.

ಆರ್ಮಿ_ಮೈಸೂರು
ಇನ್ನೊಂದು ಕೇಳಲಾ? ಪಾರ್ಕ್ ಅಂದರೇನು? ಉದ್ಯಾನ ಅಂತೂ ಅಲ್ಲ ತಾನೇ?

ಪದಕೋಶ
ಅದರಲ್ಲಿ ರ್ ಅಕ್ಷರವೇ ಇಲ್ಲ. ಸ್ವರ ಎಳೆಯಲಿ ಅಂತ ಇಂಗ್ಲಿಷಿನಲ್ಲಿ ಸೇರಿಸಿಕೊಂಡದ್ದು. ಅಲ್ಲಿನವರು ಹೇಳೋದು ಬಾಕ್, ಪಾಕ್ ಎರಡರ ನಡುವಿನ ಉಚ್ಚಾರ. ಸಿಲ್ಲಾದ ಮೊದಲ ರಾಜ ಹ್ಯೊಕ್‌ಗೊಸೆ ಮೊಟ್ಟೆಯಿಂದ ಹುಟ್ಟಿದ, ಆ ಮೊಟ್ಟೆ ಸೋರೆಕಾಯಿ ಹಾಗಿತ್ತು, ಸೋರೆಗೆ ಅವರ ಮಾತಿನಲ್ಲಿ ಬಾಕ್, ಅದಕ್ಕೇ ಆ ಸರ್‌ನೇಮ್ ಅಂತ 'ಸಾಮ್‌ಗುಕ್ ಯೂಸಾ'ದ ಕಥೆ.

ಕೆರೆಕಟ್ಟೆ
ನಮ್ಮ ಈಗಿನ ಮ್ಯಾನೇಜರ್ ಪಾರ್ಕ್ ಸಾಹೇಬರು. ಅಪ್ರೈಸಲ್ ಮುಗಿಯೋವರೆಗೂ ಇದನ್ನು ಯಾರೂ ಆಫೀಸಿನಲ್ಲಿ ಬಾಯಿ ಬಿಡಬೇಡಿ.